ಬುಡ ಮುಟ್ಟಿ ನೋಡುವ ಮದ್ದು

ತಿಪಟೂರಿನ ಕಡೆ ನಮ್ಮ ದೊಡ್ಡಮ್ಮನ ಹೊಲದಲ್ಲಿ ರಾಗಿ ಪೈರು ಗೇಣುದ್ದ ಎದ್ದಿತೆಂದರೆ ಕಳೆ ಕೀಳುವ ಕೆಲಸ ಶುರು. ಮಳೆ ಬಿದ್ದು ಎರಡು ದಿನವಾಗಿ, ಮಣ್ಣು ಕಾಲಿಗೆ ಅಂಟದಷ್ಟು ಆರಿ, ಬೇರು ಸಲೀಸಾಗಿ ಬಿಡುವಷ್ಟು ಹದವಾಗಿರಬೇಕು. ಆಗ ದೊಡ್ಡಮ್ಮ ಸೆರಗು ಸಿಕ್ಕಿಸಿ, ಕುಕ್ಕರಗಾಲಲ್ಲಿ ಕೂತು, ಸಾಲಿನುದ್ದಕ್ಕೂ ಸರಿಯುತ್ತಾ ಹೋಗುವಳು. ಭಾನುವಾರ ಹೋದಾಗ ನಾನೂ ಪಕ್ಕದ ಸಾಲಿನಲ್ಲಿ ಕೂರುತ್ತಿದ್ದೆ. ನನ್ನ ಕಣ್ಣಿಗೆ ಎಲ್ಲವೂ ಹುಲ್ಲು. ರಾಗಿಯೂ ಹುಲ್ಲಿನ ಜಾತಿಯೇ, ಅದರ ಮಗ್ಗುಲಲ್ಲೇ ಏಳುವ ಕಾಡುರಾಗಿಯೂ ಹುಲ್ಲೇ. ಎರಡಕ್ಕೂ ಒಂದೇ ಹಸಿರು, ಒಂದೇ ನಿಲುವು. ಒಮ್ಮೆ ನಾನು ಒಂದು ಹಿಡಿ ಕಿತ್ತು ಬದುವಿಗೆ ಎಸೆದೆ. ದೊಡ್ಡಮ್ಮ ಎದ್ದು ಹೋಗಿ ಅದನ್ನು ಎತ್ತಿ ತಂದು ನನ್ನ ಮುಂದೆ ಹರವಿದಳು. "ನೋಡು ಮಗ, ಇದು ಕಳೆ. ಬುಡ ಹಿಚುಕ್ದಂಗೆ ಚಪ್ಪಟೆ, ಬೆಳ್ಳಗೈತೆ. ಇದು ನಮ್ ರಾಗಿ, ಇದ್ನ ಯಾಕ್ ಕಿತ್ತೆ? ಮೇಲ್ ಮೇಲೆ ನೋಡ್ಬೇಡ, ಬುಡ ಮುಟ್ಟಿ ನೋಡು."

ಅದು ಬರೀ ರಾಗಿಯ ಹೊಲವೂ ಆಗಿರಲಿಲ್ಲ. ಆರೇಳು ಸಾಲಿಗೊಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ನಡುನಡುವೆ ಸಾಸಿವೆ. ದೊಡ್ಡಮ್ಮನ ಬೆರಳು ಇವುಗಳ ನಡುವೆ ಓಡಾಡುತ್ತಿತ್ತು, ಯಾವುದಕ್ಕೂ ನೋವಾಗದ ಹಾಗೆ. ಕಾಡುರಾಗಿ ಬದುವಿಗೆ ಹೋಗುತ್ತಿತ್ತು. ತಾನಾಗಿ ಹುಟ್ಟಿದ ಅಣ್ಣೆ ಸೊಪ್ಪು ಅವಳ ಮಡಿಲಿಗೆ ಬೀಳುತ್ತಿತ್ತು, ಸಂಜೆಯ ಬಸ್ಸಾರಿಗೆ. ಎಳೆ ತೊಗರಿ ಗಿಡದ ಬಳಿ ಬಂದಾಗ ಕೈ ಒಂದು ಗಳಿಗೆ ನಿಂತು, ಅದರ ಬುಡಕ್ಕೆ ಒಂದಿಷ್ಟು ಮಣ್ಣು ಏರಿಸಿ ಮುಂದೆ ಹೋಗುತ್ತಿತ್ತು. ಅವಳು ಎದ್ದ ಮೇಲೆ ಆ ಸಾಲನ್ನು ನೋಡಬೇಕಿತ್ತು. ಏನೋ ಕೆಲಸ ನಡೆದಿದೆ ಎಂದು ಗೊತ್ತಾಗುತ್ತಿತ್ತು, ಆದರೆ ಹೊಲ ಹೊಲವಾಗಿಯೇ ಇರುತ್ತಿತ್ತು.

ಔಷಧಗಳ ಬಗ್ಗೆ ಓದುವುದು ನನಗೆ ಬಹಳ ವರ್ಷದ ಹುಚ್ಚು. ಹೊಸ ಆ್ಯಂಟಿಬಯಾಟಿಕ್ ಒಂದರ ಸುದ್ದಿ ಬಂದರೆ ಎಲ್ಲರೂ ಅದು ಎಷ್ಟು ಬಗೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ ಎಂದು ಕೇಳುತ್ತಾರೆ. ನನಗೆ ಮಾತ್ರ ಅದು ಯಾರನ್ನು ಬಿಟ್ಟುಬಿಡುತ್ತದೆ ಎನ್ನುವುದರಲ್ಲೇ ರುಚಿ. ಕೊಲ್ಲುವ ರಸಾಯನಗಳು ಲೋಕದಲ್ಲಿ ಬೇಕಾದಷ್ಟಿವೆ, ಬಚ್ಚಲಿಗೆ ಸುರಿಯುವ ಫಿನಾಯಿಲೂ ಕೊಲ್ಲುತ್ತದೆ. ಸಾವಿರ ಬಗೆಯ ಜೀವಿಗಳು ಒತ್ತೊತ್ತಾಗಿ ಬದುಕುವ ಜಾಗಕ್ಕೆ ಇಳಿದು, ಒಂದನ್ನು ಮಾತ್ರ ಮುಟ್ಟಿ, ಉಳಿದವನ್ನು ಇದ್ದಂತೆಯೇ ಬಿಟ್ಟು ಬರುವ ಮದ್ದುಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಒಂದೆರಡನ್ನು ಹತ್ತಿರದಿಂದ ನೋಡಿದ ದಿನ ಒಳ್ಳೆಯ ಸಂಗೀತ ಕೇಳಿ ಮನೆಗೆ ಬಂದ ಹಾಗಾಗುತ್ತದೆ ನನಗೆ.

ಈ ರುಚಿ ಹತ್ತಿದ್ದಕ್ಕೆ ಒಂದು ಸಂಕಟವೂ ಕಾರಣ. ಕೆಲವು ವರ್ಷಗಳ ಹಿಂದೆ ಹಲ್ಲು ಕೀವುಗಟ್ಟಿ ಮುಖ ಊದಿಕೊಂಡಿತ್ತು. ಡಾಕ್ಟರು ಐದು ದಿನದ ಕೋರ್ಸ್ ಬರೆದುಕೊಟ್ಟರು. ಹಲ್ಲು ಎರಡೇ ದಿನಕ್ಕೆ ತಣ್ಣಗಾಯಿತು, ಆ ಮಾತ್ರೆಗೆ ನಾನು ಇಂದಿಗೂ ಋಣಿ. ಆದರೆ ಮೂರನೇ ದಿನ ಹೊಟ್ಟೆ ಕೆಟ್ಟಿತು. ಆಮೇಲೆ ಮೂರು ವಾರ ಮಜ್ಜಿಗೆ ಅನ್ನ ಬಿಟ್ಟು ಏನೂ ಸೇರಲಿಲ್ಲ. ಕೆಟ್ಟದ್ದು ಒಸಡಿನ ಮೂಲೆಯ ಒಂದು ಕಾಳಿನಷ್ಟು ಜಾಗದಲ್ಲಿ, ಮದ್ದು ಬಿದ್ದದ್ದು ಇಡೀ ಹೊಲದ ಮೇಲೆ.

ಆ ಹೊಲ ಎಷ್ಟು ದೊಡ್ಡದೆಂದು ಆಗ ಓದಿ ತಿಳಿದೆ. ಒಬ್ಬ ವಯಸ್ಕ ಮನುಷ್ಯನ ಮೈಯಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ರಾನ್ ಮಿಲೊ ಮತ್ತು ಜೊತೆಗಾರರು ಲೆಕ್ಕ ಹಾಕಿದರು. ನಮ್ಮ ಸ್ವಂತ ಜೀವಕೋಶಗಳ ಸಂಖ್ಯೆಯೂ ಹೆಚ್ಚುಕಡಿಮೆ ಅಷ್ಟೇ. ಎಲ್ಲ ಸೇರಿಸಿ ತೂಗಿದರೆ ಕಾಲು ಕೆಜಿಯೊಳಗೆ. ಬಹುಪಾಲು ದೊಡ್ಡಕರುಳಿನಲ್ಲೇ ಇವೆ. ಅವು ನಾವು ಅರಗಿಸಲಾರದ ನಾರನ್ನು ಹುದುಗಿಸಿ ಕರುಳಿನ ಗೋಡೆಗೆ ಊಟ ಹಾಕುತ್ತವೆ. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಅವು ಮಾಡುವ ಕಾವಲು.

ಆ ಕಾವಲಿನ ಒಂದು ಪ್ರಸಂಗ ಹೇಳಬೇಕು. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾ ಇದೆ, ವೈದ್ಯರು ಚಿಕ್ಕದಾಗಿ ಸಿ-ಡಿಫ್ ಅನ್ನುತ್ತಾರೆ. 1935ರಲ್ಲಿ ಎಳೆಗೂಸುಗಳ ಮಲದಲ್ಲಿ ಇದನ್ನು ಕಂಡವರು, ಬೆಳೆಸುವುದು ಬಹಳ ಕಷ್ಟ ಎಂಬ ಅರ್ಥದಲ್ಲೇ ಆ ಹೆಸರಿಟ್ಟರು. ಇದು ಗಟ್ಟಿ ಕವಚದ ಬೀಜಕವಾಗಿ ತಿಂಗಳುಗಟ್ಟಲೆ ಮಂಚದ ಕಂಬಿಯ ಮೇಲೂ ಬಾಗಿಲ ಚಿಲಕದ ಮೇಲೂ ಕಾದು ಕೂರಬಲ್ಲದು. ನುಂಗಿದರೆ ಕರುಳಿಗೆ ಬಂದು, ಪಿತ್ತರಸದ ಕೆಲವು ಆಮ್ಲಗಳ ಸುಳಿವು ಸಿಕ್ಕಿದ ಕೂಡಲೇ ಮೊಳೆಯುತ್ತದೆ. ಆದರೆ ತುಂಬಿದ ಹೊಲದಲ್ಲಿ ಅದಕ್ಕೆ ಜಾಗ ಸಿಗುವುದಿಲ್ಲ. ಅಲ್ಲಿ ಕ್ಲಾಸ್ಟ್ರಿಡಿಯಮ್ ಸಿಂಡೆನ್ಸ್ ಎಂಬ ಒಂದು ಸಾಧು ಜೀವಿ ಅದೇ ಪಿತ್ತಾಮ್ಲವನ್ನು ಮಾರ್ಪಡಿಸಿ ಸಿ-ಡಿಫ್‌ಗೆ ಒಗ್ಗದ ಇನ್ನೊಂದು ಆಮ್ಲವನ್ನಾಗಿ ಮಾಡಿಟ್ಟಿರುತ್ತದೆ. ಹೆಸರು ನೋಡಿ, ಇಬ್ಬರೂ ದಾಯಾದಿಗಳೇ. ಒಬ್ಬ ಕಳ್ಳ, ಇನ್ನೊಬ್ಬ ತೋಟಿ. ಎಲ್ಲರನ್ನೂ ಹೊಡೆಯುವ ಆ್ಯಂಟಿಬಯಾಟಿಕ್ ಬಂದಾಗ ತೋಟಿಯೂ ಸಾಯುತ್ತಾನೆ. ಕವಚದೊಳಗಿದ್ದ ಕಳ್ಳ ಮಾತ್ರ ಉಳಿದು, ಬರಿದಾದ ಹೊಲವನ್ನು ತನ್ನದಾಗಿಸಿಕೊಳ್ಳುತ್ತಾನೆ. ಆ್ಯಂಟಿಬಯಾಟಿಕ್ ತೆಗೆದುಕೊಂಡವರಿಗೆ ಬರುವ ಮಾರಕ ಭೇದಿಯ ಹಿಂದೆ ಇದೇ ಸಿ-ಡಿಫ್ ಇದೆ ಎಂದು ಗೊತ್ತಾದದ್ದು 1978ರ ಹೊತ್ತಿಗೆ.

ಎಲ್ಲರನ್ನೂ ಹೊಡೆಯುವ ಮದ್ದುಗಳನ್ನು ನಾನು ಹಳಿಯುತ್ತಿಲ್ಲ. ಜರ್ಮನಿಯ ಪಾಲ್ ಎರ್ಲಿಶ್ ಕಂಡ ಕನಸು ಗುರಿಯಿಟ್ಟ ಗುಂಡಿನದೇ ಆಗಿತ್ತು. 1910ರಲ್ಲಿ ಬಂದ ಅವರ ಸಾಲ್ವರ್ಸಾನ್ ಸಿಫಿಲಿಸ್ ರೋಗಾಣುವಿಗೇ ಹುಡುಕಿದ ಔಷಧ. ಆಮೇಲೆ ಬೇರೆಯದೇ ಕಾಲ ಬಂತು. 1948ರಲ್ಲಿ ಲೆಡರ್ಲೆ ಪ್ರಯೋಗಾಲಯದಿಂದ ಹೊರಟ ಆರಿಯೊಮೈಸಿನ್ ಹತ್ತಾರು ಬಗೆಯ ರೋಗಗಳಿಗೆ ಒಂದೇ ಮದ್ದಾಯಿತು. ಆ ಸಂಶೋಧನೆಯನ್ನು ಮುನ್ನಡೆಸಿದವರು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಯಾವ ರೋಗಾಣು ಎಂದು ಪತ್ತೆ ಹಚ್ಚುವಷ್ಟರಲ್ಲಿ ಮಗು ಕೈ ತಪ್ಪಿಹೋಗುವ ಹೊತ್ತಿನಲ್ಲಿ ವೈದ್ಯರ ಕೈಯಲ್ಲಿ ಇರಬೇಕಾದದ್ದು ಅಂಥ ಮದ್ದೇ. ಉರಿಯುವ ಮನೆಗೆ ನೀರು ಹೊಯ್ಯುವಾಗ ಯಾವ ಕೋಣೆಗೆ ಎಷ್ಟು ಎಂದು ಯಾರೂ ಅಳೆಯುವುದಿಲ್ಲ.

ಇನ್ನು ನಾನು ಹೇಳಬೇಕೆಂದಿರುವ ಮದ್ದಿಗೆ ಬರುತ್ತೇನೆ. ಅದರ ಹೆಸರು ಫಿಡಾಕ್ಸೊಮೈಸಿನ್.

ಇದು ಮಣ್ಣಿನಿಂದ ಬಂದದ್ದು, ಅದೂ ಮೂರು ಸಲ ಬೇರೆ ಬೇರೆಯಾಗಿ. 1975ರಲ್ಲಿ ಇಟಲಿಯ ಮಿಲಾನಿನ ಲೆಪೆಟಿಟ್ ಕಂಪನಿಯವರು ಒಂದು ಮಣ್ಣಿನ ಬ್ಯಾಕ್ಟೀರಿಯಾದಿಂದ ಇದನ್ನು ತೆಗೆದು ಲಿಪಿಯಾರ್ಮೈಸಿನ್ ಎಂದು ಕರೆದರು. 1986ರಲ್ಲಿ ಜಪಾನಿನ ಸತೋಶಿ ಓಮುರಾ ಅವರ ಬಳಗ ಇನ್ನೊಂದು ಬ್ಯಾಕ್ಟೀರಿಯಾದಿಂದ ಇದನ್ನೇ ತೆಗೆದು ಕ್ಲೋಸ್ಟೊಮೈಸಿನ್ ಎಂದಿತು. ಮರುವರ್ಷ ಅಮೆರಿಕದ ಅಬಾಟ್ ಕಂಪನಿಯವರಿಗೆ ಮೂರನೆಯದರಲ್ಲಿ ಸಿಕ್ಕಿತು, ಅವರು ಟಿಯಾಕುಮೈಸಿನ್ ಅಂದರು. ಮೂರು ಹೆಸರು, ಒಂದೇ ಅಣು. ಹದಿನೆಂಟು ಪರಮಾಣುಗಳ ಒಂದು ದೊಡ್ಡ ಉಂಗುರ, ಅದರ ಎರಡು ಕಡೆ ತೂಗುಬಿದ್ದ ಎರಡು ಸಕ್ಕರೆಗಳು, ಒಂದು ಸಕ್ಕರೆಯ ತುದಿಗೆ ಎರಡು ಕ್ಲೋರಿನ್ ಹೊತ್ತ ಇನ್ನೊಂದು ಪುಟ್ಟ ಉಂಗುರ. ಚಿತ್ರ ನೋಡಿದರೆ ಎರಡು ಕಿವಿಗೂ ಜುಮುಕಿ ಹಾಕಿಕೊಂಡ ಮುಖ ಕಂಡ ಹಾಗೆ, ಒಂದು ಜುಮುಕಿಗೆ ಮಾತ್ರ ಹೆಚ್ಚಿನ ಹರಳು.

ಮದ್ದು ಮಾರುವವರ ಕಣ್ಣಿಗೆ ಇದರಲ್ಲಿ ಕಂಡದ್ದೆಲ್ಲ ದೋಷ. ನುಂಗಿದರೆ ರಕ್ತಕ್ಕೆ ಇಳಿಯುವುದೇ ಇಲ್ಲ ಎನ್ನಬೇಕು. ಹಾಗಾಗಿ ಶ್ವಾಸಕೋಶಕ್ಕಾಗಲಿ ಮೂತ್ರಕೋಶಕ್ಕಾಗಲಿ ಗಾಯಕ್ಕಾಗಲಿ ಪ್ರಯೋಜನವಿಲ್ಲ. ಹೋಗಲಿ ಎಂದರೆ, ಕೊಲ್ಲುವ ಜೀವಿಗಳ ಪಟ್ಟಿಯೂ ಚಿಕ್ಕದು. ಆರಿಯೊಮೈಸಿನ್ನಿನ ಕಾಲದ ಅಳತೆಗೋಲಲ್ಲಿ ಇದು ಕೈಲಾಗದ ಔಷಧ. ಸಿ-ಡಿಫ್ ಎಂಬ ಕರುಳಿನ ಕಳ್ಳನ ಎದುರು ನಿಲ್ಲಿಸಿದ ಮೇಲೆ ಆ ಎರಡು ದೋಷಗಳೂ ಎರಡು ಗುಣಗಳಾದವು. ರಕ್ತಕ್ಕೆ ಇಳಿಯದಿದ್ದದ್ದರಿಂದ ಇಡೀ ಮಾತ್ರೆ ಕರುಳಲ್ಲೇ ಉಳಿಯುತ್ತದೆ, ನುಂಗಿದ್ದರಲ್ಲಿ ಶೇಕಡ 92ಕ್ಕಿಂತ ಹೆಚ್ಚು ಭಾಗ ಮಲದಲ್ಲೇ ಹೊರಬೀಳುತ್ತದೆ. ಪಟ್ಟಿ ಚಿಕ್ಕದಾದ್ದರಿಂದ ಹೊಲದ ಉಳಿದ ಪೈರು ನಿಲ್ಲುತ್ತದೆ. 2011ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. 200 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಹತ್ತು ದಿನ.

ಅದೇ ವರ್ಷ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ ಇದನ್ನು ಹಳೆಯ ಹುಲಿ ವ್ಯಾಂಕೊಮೈಸಿನ್ ಎಂಬ ಮದ್ದಿನ ಜೊತೆ ಹೋಲಿಸಿದ್ದರು. ರೋಗ ವಾಸಿಯಾಗುವುದರಲ್ಲಿ ಇಬ್ಬರದೂ ಸರಿಸಮ. ಆದರೆ ವಾಸಿಯಾದವರಲ್ಲಿ ಮತ್ತೆ ರೋಗ ಮರುಕಳಿಸಿದ್ದು ವ್ಯಾಂಕೊಮೈಸಿನ್ ಪಡೆದವರಲ್ಲಿ ಶೇಕಡ 25.3, ಫಿಡಾಕ್ಸೊಮೈಸಿನ್ ಪಡೆದವರಲ್ಲಿ ಶೇಕಡ 15.4. ಈ ಎರಡು ಅಂಕಿಗಳ ನಡುವಿನ ಅಂತರವನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ಕಳ್ಳನನ್ನು ಹಿಡಿಯುವುದರಲ್ಲಿ ಇಬ್ಬರೂ ಸಮರೇ. ಆ ಹತ್ತು ಅಂಕ ಬಹುಮಟ್ಟಿಗೆ ಬಂದದ್ದು ಉಳಿಸಿದ ತೋಟಿಗಳಿಂದ. ಬದುಕುಳಿದ ಸಾಧು ಜೀವಿಗಳು ಮದ್ದು ಮುಗಿದ ಮೇಲೂ ಕಾವಲು ಮುಂದುವರಿಸಿದ್ದವು.

ಇನ್ನೂ ಹತ್ತಿರ ಹೋಗೋಣ. ಪ್ರತಿ ಜೀವಕೋಶದಲ್ಲೂ ಆರ್‌ಎನ್‌ಎ ಪಾಲಿಮರೇಸ್ ಎಂಬ ಯಂತ್ರವಿದೆ. ಡಿಎನ್‌ಎಯಲ್ಲಿ ಬರೆದಿರುವುದನ್ನು ಓದಿ ನಕಲು ತೆಗೆಯುವುದು ಅದರ ಕೆಲಸ. ಅದು ನಿಂತರೆ ಜೀವ ನಿಂತಿತು. ನೋಡಲು ಏಡಿಯ ಕೊಂಡಿಯ ಹಾಗಿದೆ. ಕೊಂಡಿ ತೆರೆದು ಡಿಎನ್‌ಎಯನ್ನು ಒಳಗೆ ಬಿಟ್ಟುಕೊಂಡು, ಬಿಗಿಯಾಗಿ ಮುಚ್ಚಿ, ಓದಲು ಶುರು ಮಾಡಬೇಕು. ಫಿಡಾಕ್ಸೊಮೈಸಿನ್ ಹೋಗಿ ಕೂರುವುದು ಕೊಂಡಿಯ ಬುಡದಲ್ಲಿ, ಬಾಗಿಲ ಕೀಲು ಇರುವ ಕಡೆ. ಕೀಲಿನ ಸಂದಿಗೆ ಒಂದು ಮರದ ಚಕ್ಕೆ ಸಿಕ್ಕಿಸಿದರೆ ಬಾಗಿಲು ಹೇಗೆ ಮುಚ್ಚಲಾರದೋ ಹಾಗೆ ಕೊಂಡಿ ಬಾಯಿ ತೆರೆದುಕೊಂಡೇ ನಿಂತುಬಿಡುತ್ತದೆ. ಯಂತ್ರ ಮುರಿದಿಲ್ಲ, ಒಂದು ತಿರುಪೂ ಸಡಿಲವಾಗಿಲ್ಲ. ಮುಚ್ಚಿಕೊಳ್ಳಲಾಗುತ್ತಿಲ್ಲ, ಅಷ್ಟೇ.

ಆದರೆ ಈ ಯಂತ್ರ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇದೆ, ಹೆಚ್ಚುಕಡಿಮೆ ಒಂದೇ ರೂಪದಲ್ಲಿ. ಕೀಲೂ ಅದೇ, ಕೊಂಡಿಯೂ ಅದೇ. ಮತ್ತೆ ಸಿ-ಡಿಫ್ ಮಾತ್ರ ಯಾಕೆ ಸಾಯುತ್ತದೆ, ಕರುಳಿನ ಉಳಿದ ಬಹುಪಾಲು ಜೀವಿಗಳು ಯಾಕೆ ಬದುಕುತ್ತವೆ? ಔಷಧ ಬಳಕೆಗೆ ಬಂದು ಹತ್ತು ವರ್ಷ ಕಳೆದರೂ ಇದಕ್ಕೆ ಉತ್ತರ ಸಿಕ್ಕಿರಲಿಲ್ಲ. 2022ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಎಲಿಜಬೆತ್ ಕ್ಯಾಂಪ್‌ಬೆಲ್ ಅವರ ಬಳಗ ಸಿ-ಡಿಫ್‌ನ ಪಾಲಿಮರೇಸನ್ನು ಮದ್ದಿನ ಸಮೇತ ಹೆಪ್ಪುಗಟ್ಟಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರಮಾಣು ಪರಮಾಣುವಾಗಿ ನೋಡಿತು. ಯಂತ್ರದ ಸಾವಿರಾರು ಅಮೈನೊ ಆಮ್ಲಗಳ ನಡುವೆ, ಒಂದು ಸರಪಣಿಯ 84ನೆಯ ಸ್ಥಾನದಲ್ಲಿ, ಒಂದು ಲೈಸೀನ್. ಅದು ಧನ ಆವೇಶ ಹೊತ್ತದ್ದು. ಆ ಎರಡು ಕ್ಲೋರಿನ್ನಿನ ಪುಟ್ಟ ಉಂಗುರ ಬಂದು ಕೂರುವ ಕಡೆಗೇ ಕೈ ಚಾಚಿಕೊಂಡಿದೆ. ಮದ್ದನ್ನು ಅದು ಹಿಡಿದುಕೊಳ್ಳುತ್ತದೆ. ಕರುಳಿನ ಸಾಧು ಬ್ಯಾಕ್ಟೀರಿಯಾಗಳ ದೊಡ್ಡ ಕುಲಗಳಲ್ಲಿ ಆ ಜಾಗದಲ್ಲಿ ಲೈಸೀನ್ ಇಲ್ಲ. ಹಿಡಿಯುವ ಕೈ ಇಲ್ಲದ್ದರಿಂದ ಮದ್ದು ಅಲ್ಲಿ ನಿಲ್ಲದೆ ಜಾರಿಹೋಗುತ್ತದೆ.

ಒಂದೇ ಒಂದು ಅಮೈನೊ ಆಮ್ಲ. ಆ ಲೇಖನ ಓದಿದ ರಾತ್ರಿ ನನಗೆ ದೊಡ್ಡಮ್ಮನ ದನಿ ಕಿವಿಯಲ್ಲಿ ಕೇಳಿಸಿತು ಎಂದರೆ ನಂಬಬೇಕು. ಮೇಲೆ ನೋಡಿದರೆ ಎರಡೂ ಹುಲ್ಲೇ, ಬುಡ ಮುಟ್ಟಿದರೆ ಒಂದು ಚಪ್ಪಟೆ. ಮದ್ದು ಕೂಡ ಕೊಂಡಿಯ ಬುಡವನ್ನೇ ಮುಟ್ಟಿ ನೋಡುತ್ತಿದೆ.

ಫಿಡಾಕ್ಸೊಮೈಸಿನ್ನಿಗೆ ಈ ಗುಣ ಹುಟ್ಟಿನಿಂದ ಬಂದದ್ದು, ಯಾರೂ ಎಣಿಸಿ ಮಾಡಿದ್ದಲ್ಲ. ಎಣಿಸಿ ಮಾಡಿದ್ದಕ್ಕೆ ಉದಾಹರಣೆ ಲೋಲಮೈಸಿನ್. ಇದು ಇನ್ನೂ ಮನುಷ್ಯರ ಬಾಯಿಗೆ ಬಂದಿಲ್ಲ, ಇಲಿಗಳ ಹಂತದಲ್ಲೇ ಪ್ರಕಟವಾದ ಕೆಲಸ. ಆದರೂ ಇದನ್ನು ನೋಡದೆ ಮುಂದೆ ಹೋಗಲಾರೆ.

ಬ್ಯಾಕ್ಟೀರಿಯಾಗಳನ್ನು 1884ರಿಂದ ಗ್ರಾಮ್ ಎಂಬಾತನ ಬಣ್ಣದ ಪರೀಕ್ಷೆಯಂತೆ ಎರಡು ಪಂಗಡ ಮಾಡುತ್ತಾರೆ. ಗ್ರಾಮ್-ನೆಗೆಟಿವ್ ಪಂಗಡದವಕ್ಕೆ ಎರಡು ಪೊರೆ, ಒಳಗೊಂದು ಹೊರಗೊಂದು, ಅಂಗಳ ಸುತ್ತಿದ ಕೋಟೆಯ ಹಾಗೆ. ಹೊರಪೊರೆ ಕಟ್ಟಲು ಬೇಕಾದ ಲಿಪೊಪ್ರೋಟೀನ್ ಎಂಬ ಸಾಮಾನು ತಯಾರಾಗುವುದು ಒಳಗೆ. ಅದು ನೀರಿನಲ್ಲಿ ಬೆರೆಯದ ಜಿಡ್ಡಿನ ವಸ್ತು, ನಡುವಿನ ನೀರಿನಂಗಳವನ್ನು ತಾನಾಗಿ ದಾಟಲಾರದು. ಹಾಗಾಗಿ ಒಂದು ಕೈಸಾಲು ಇದೆ. ನಮ್ಮಲ್ಲಿ ಮನೆಗೆ ಮೋಲ್ಡ್ ಹಾಕುವ ದಿನ ಕೆಳಗಿನಿಂದ ತಾರಸಿಯವರೆಗೆ ಆಳುಗಳು ಸಾಲಾಗಿ ನಿಂತು ಕಾಂಕ್ರೀಟಿನ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಥೇಟ್ ಅದೇ. ಲೋಲ್-ಸಿಡಿಇ ಎಂಬ ಕೂಟ ಒಳಪೊರೆಯಿಂದ ಸಾಮಾನು ಎತ್ತಿ ಕೊಡುತ್ತದೆ. ಲೋಲ್-ಎ ಅದನ್ನು ಹೊತ್ತು ಅಂಗಳ ದಾಟುತ್ತದೆ. ಹೊರಪೊರೆಯಲ್ಲಿ ಲೋಲ್-ಬಿ ಇಸಿದುಕೊಂಡು ಜಾಗಕ್ಕೆ ಕೂರಿಸುತ್ತದೆ. ಇದನ್ನು ಒಂದೊಂದಾಗಿ ಬಿಡಿಸಿ ತೋರಿಸಿದವರು ಜಪಾನಿನ ಹಜಿಮೆ ತೊಕುದಾ ಮತ್ತು ಅವರ ಸಂಗಡಿಗರು. ಮೊದಲ ಕೈ ಬಾಂಡ್ಲಿ ಎತ್ತದಿದ್ದರೆ ಮೇಲಿನವರೆಲ್ಲ ಬರಿಗೈಯಲ್ಲಿ ನಿಲ್ಲಬೇಕು. ಲೋಲಮೈಸಿನ್ ಹಿಡಿಯುವುದು ಆ ಮೊದಲ ಕೈಯನ್ನೇ.

ಕರುಳಿನ ಸಾಧು ಜೀವಿಗಳಲ್ಲಿ ಗ್ರಾಮ್-ಪಾಸಿಟಿವ್ ಪಂಗಡದವಕ್ಕೆ ಈ ಎರಡನೇ ಪೊರೆಯೇ ಇಲ್ಲ, ಕೈಸಾಲಿನ ಅಗತ್ಯವೂ ಇಲ್ಲ. ಅವು ಪಾರಾಗುವುದು ಸುಲಭದ ಮಾತು. ಸೊಗಸು ಇರುವುದು ಗ್ರಾಮ್-ನೆಗೆಟಿವ್ ಸಾಧುಗಳಲ್ಲಿ. ನಮ್ಮ ಕರುಳಿನಲ್ಲಿ ಹೇರಳವಾಗಿರುವ ಬ್ಯಾಕ್ಟೀರಾಯ್ಡಿಸ್ ಇದೇ ಪಂಗಡದ್ದು. ಅದಕ್ಕೂ ಎರಡು ಪೊರೆ ಇದೆ, ಅದರಲ್ಲೂ ಲೋಲ್ ಇದೆ. ಆದರೆ ರೋಗ ತರುವ ಕ್ಲೆಬ್ಸಿಯೆಲ್ಲಾ, ಇ-ಕೋಲೈ, ಎಂಟರೊಬ್ಯಾಕ್ಟರ್ ಈ ಮೂರರ ಲೋಲ್ ಒಂದನ್ನೊಂದು ಹೋಲುತ್ತದೆ, ಸಾಧುಗಳ ಲೋಲ್ ಅದಕ್ಕಿಂತ ಸಾಕಷ್ಟು ಬೇರೆ. ಇಲಿನಾಯ್ ವಿಶ್ವವಿದ್ಯಾಲಯದ ಪಾಲ್ ಹರ್ಗನ್‌ರೋದರ್, ಅವರ ಶಿಷ್ಯೆ ಕ್ರಿಸ್ಟನ್ ಮುನ್ಯೋಸ್ ಮತ್ತು ಸಂಗಡಿಗರು ಈ ಅಂತರವನ್ನು ಮೊದಲೇ ಗುರುತಿಸಿ, ಅದಕ್ಕೆ ತಕ್ಕ ಅಣುವನ್ನು ತಿದ್ದಿ ತೀಡಿ ಮಾಡಿದರು. 2024ರ ಮೇ ತಿಂಗಳಲ್ಲಿ ಇದು ನೇಚರ್ ಪತ್ರಿಕೆಯಲ್ಲಿ ಬಂತು. ಬೇರೆ ಔಷಧಗಳಿಗೆ ಬಗ್ಗದ 130ಕ್ಕೂ ಹೆಚ್ಚು ತಳಿಗಳ ಮೇಲೆ ಅವರು ಇದನ್ನು ಪರೀಕ್ಷಿಸಿದ್ದರು. ರಕ್ತ ನಂಜೇರಿದ ಇಲಿಗಳಿಗೆ ಕೊಟ್ಟಾಗ ಎಲ್ಲವೂ ಉಳಿದವು. ನ್ಯುಮೋನಿಯಾ ಬಂದವುಗಳಲ್ಲಿ ನೂರಕ್ಕೆ ಎಪ್ಪತ್ತು ಉಳಿದವು.

ನನಗೆ ಹೆಚ್ಚು ಹಿಡಿಸಿದ್ದು ಆಮೇಲಿನ ಪ್ರಯೋಗ. ಆರೋಗ್ಯವಾಗಿದ್ದ ಇಲಿಗಳಿಗೆ ಮೂರು ದಿನ ಮದ್ದು ಕೊಟ್ಟು, ಸುಮಾರು ಒಂದು ತಿಂಗಳು ಅವುಗಳ ಹಿಕ್ಕೆಯನ್ನು ಪರೀಕ್ಷಿಸುತ್ತಾ ಹೋದರು. ಹಿಕ್ಕೆಯಲ್ಲಿ ಯಾವ ಜಾತಿಯ ಬ್ಯಾಕ್ಟೀರಿಯಾ ಎಷ್ಟಿದೆ ಎಂದು ಬಣ್ಣಬಣ್ಣದ ಪಟ್ಟಿಗಳಲ್ಲಿ ತೋರಿಸುವ ನಕ್ಷೆ ಇರುತ್ತದೆ. ಅಮಾಕ್ಸಿಸಿಲಿನ್ ಕೊಟ್ಟವುಗಳಲ್ಲೂ ಕ್ಲಿಂಡಾಮೈಸಿನ್ ಕೊಟ್ಟವುಗಳಲ್ಲೂ ಆ ಪಟ್ಟಿಗಳು ಚೆಲ್ಲಾಪಿಲ್ಲಿ. ಲೋಲಮೈಸಿನ್ ಕೊಟ್ಟವುಗಳಲ್ಲಿ ಹೆಚ್ಚೇನೂ ಬದಲಾವಣೆ ಇಲ್ಲ. ಈ ಮೂರು ಮದ್ದು ಪಡೆದ ಇಲಿಗಳಿಗೆ ಸಿ-ಡಿಫ್ ತಿನ್ನಿಸಿಯೂ ನೋಡಿದರು. ಮೊದಲ ಎರಡು ಗುಂಪಿನ ಕರುಳಲ್ಲಿ ಅದು ಬೇರು ಬಿಟ್ಟಿತು. ಲೋಲಮೈಸಿನ್ ಪಡೆದವುಗಳಲ್ಲಿ ಅದಕ್ಕೆ ನೆಲೆ ಸಿಗಲಿಲ್ಲ. ಬದಲಾಗದ ಪಟ್ಟಿಗಳ ಚಿತ್ರವನ್ನು ನಾನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದೆ. ಏನೂ ಆಗದಿರುವುದು ಅಷ್ಟು ಚೆಂದವಾಗಿ ಕಂಡದ್ದು ಅದೇ ಮೊದಲು. ದೊಡ್ಡಮ್ಮ ಎದ್ದ ಮೇಲೆ ಉಳಿಯುತ್ತಿದ್ದ ಸಾಲೂ ಹಾಗೇ ಇರುತ್ತಿತ್ತು.

ಮೂರನೆಯದೊಂದನ್ನು ಹೇಳಿಬಿಡುತ್ತೇನೆ, ಅದರ ಜಾಣ್ಮೆ ಬೇರೆ ಬಗೆಯದು. 1953ರಲ್ಲೇ ಸಿಕ್ಕಿದ್ದ ಹೈಗ್ರೊಮೈಸಿನ್ ಎ ಎಂಬ ಮದ್ದನ್ನು ಶಕ್ತಿ ಸಾಲದು ಎಂದು ಮೂಲೆಗೆ ಹಾಕಿದ್ದರು. ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಕಿಮ್ ಲೂಯಿಸ್ ಮತ್ತು ಸಂಗಡಿಗರು, ಉಣ್ಣೆ ಕಚ್ಚಿ ಬರುವ ಲೈಮ್ ರೋಗದ ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು ಮಾತ್ರ ಕೊಲ್ಲುವ ಮದ್ದಿಗಾಗಿ ಮಣ್ಣಿನ ಜೀವಿಗಳನ್ನು ಜಾಲಾಡುತ್ತಿದ್ದಾಗ ಮತ್ತೆ ಇದೇ ಕೈಗೆ ಬಂತು. 2021ರಲ್ಲಿ ಅವರು ಅದರ ಗುಟ್ಟನ್ನು ಪ್ರಕಟಿಸಿದರು. ಈ ಸುರುಳಿ ಜೀವಿಗಳಿಗೆ ಡಿಎನ್‌ಎಯ ಕೆಲವು ಬಿಡಿಭಾಗಗಳನ್ನು ಸ್ವಂತ ಮಾಡಿಕೊಳ್ಳಲು ಬಾರದು, ಹೊರಗಿನಿಂದ ತಂದುಕೊಳ್ಳಬೇಕು. ಅದಕ್ಕೆಂದೇ ಅವುಗಳ ಪೊರೆಯಲ್ಲಿ ಒಂದು ದಿಡ್ಡಿ ಬಾಗಿಲಿದೆ. ಹೈಗ್ರೊಮೈಸಿನ್ನಿನ ಮೈಕಟ್ಟು ಆ ಬಿಡಿಭಾಗವನ್ನು ಹೋಲುತ್ತದೆ. ಹಸಿದ ಜೀವಿ ಊಟವೆಂದುಕೊಂಡು ತಾನಾಗಿ ಅದನ್ನು ಒಳಗೆ ಕರೆದುಕೊಳ್ಳುತ್ತದೆ. ಬೇರೆ ಬ್ಯಾಕ್ಟೀರಿಯಾಗಳಿಗೆ ಆ ಬಾಗಿಲಿಲ್ಲದ್ದರಿಂದ ಮದ್ದು ಹೊರಗೇ ಉಳಿಯುತ್ತದೆ. ಅಂದರೆ ರೋಗಾಣುವಿನ ಕೊರತೆಯೇ ಇಲ್ಲಿ ಬಾಗಿಲು. ಒಂದು ಜೀವಿಯ ಹಸಿವು ಎಲ್ಲಿದೆ ಎಂದು ಅರಿತು ಮದ್ದು ಕೊಡುವುದರಲ್ಲಿ ನಾಡಿ ಹಿಡಿದು ನೋಡುವ ಪಂಡಿತರ ನಿಧಾನವಿದೆ.

ಇಂಥ ಮದ್ದುಗಳಿಗೆ ತಮ್ಮದೇ ಬೇಡಿಕೆಗಳಿವೆ. ಯಾವ ರೋಗಾಣು ಎಂದು ಮೊದಲು ಗೊತ್ತಾಗಲೇಬೇಕು. ರಕ್ತವನ್ನೋ ಮೂತ್ರವನ್ನೋ ಲ್ಯಾಬಿಗೆ ಕಳಿಸಿ, ಕಲ್ಚರ್ ವರದಿ ಬರುವವರೆಗೆ ಎರಡು ಮೂರು ದಿನ ಕಾಯುವ ನಮ್ಮ ಪದ್ಧತಿಯಲ್ಲಿ ಇವು ಒಗ್ಗುವುದು ಕಷ್ಟ. ಮೆಡಿಕಲ್ ಸ್ಟೋರಿನ ಕಿಟಕಿಯಲ್ಲಿ ನಿಂತು "ಜ್ವರಕ್ಕೆ ಏನಾದ್ರೂ ಕೊಡಿ" ಎಂದರೆ ಸಿಗುವ ಜಾತಿಯವಂತೂ ಅಲ್ಲ. ಬೆಲೆಯೂ ದೊಡ್ಡದು. ಅಮೆರಿಕದ ತಜ್ಞರ ಸಂಘ 2021ರಲ್ಲಿ ಸಿ-ಡಿಫ್‌ಗೆ ಫಿಡಾಕ್ಸೊಮೈಸಿನ್ನೇ ಮೊದಲ ಆಯ್ಕೆಯಾಗಲಿ ಎಂದ ಮೇಲೂ, ದುಡ್ಡಿನ ಕಾರಣಕ್ಕೆ ವ್ಯಾಂಕೊಮೈಸಿನ್ ಬರೆಯುವವರು ಅಲ್ಲೂ ಇದ್ದಾರೆ. ಕೆಲವೇ ರೋಗಿಗಳಿಗೆ ಕೆಲವೇ ದಿನ ಬೇಕಾಗುವ ಮದ್ದನ್ನು ಮಾಡಲು ಕಂಪನಿಗಳಿಗೆ ಹುಮ್ಮಸ್ಸಿಲ್ಲ. ಇದು ನನ್ನನ್ನು ನಿಜವಾಗಿ ನೋಯಿಸುತ್ತದೆ. ದೊಡ್ಡಮ್ಮನ ಸಾಲಿನಲ್ಲೂ ಹೀಗೆಯೇ ಆಯಿತು. ಒಂದು ಸಾಲಿಗೆ ಅರ್ಧ ದಿನ ಹಿಡಿಯುವ ಬೆರಳಿಗಿಂತ ಒಂದು ಗಂಟೆಯಲ್ಲಿ ಎಕರೆ ಮುಗಿಸುವ ಕಳೆನಾಶಕದ ಕ್ಯಾನು ಅಗ್ಗವೆಂದು ಕಂಡಿತು. ಎಷ್ಟೋ ಹೊಲಗಳಲ್ಲಿ ಅಕ್ಕಡಿ ಸಾಲೂ ಅಣ್ಣೆ ಸೊಪ್ಪೂ ಕಾಣದಾದವು.

ಲೆಪೆಟಿಟ್‌ನವರು 1975ರಲ್ಲಿ ಫಿಡಾಕ್ಸೊಮೈಸಿನ್ ತೆಗೆದ ಆ ಮೊದಲ ಬ್ಯಾಕ್ಟೀರಿಯಾದ ಪೂರ್ತಿ ಹೆಸರನ್ನು ನಾನಿನ್ನೂ ಹೇಳಿಲ್ಲ. ಆಕ್ಟಿನೊಪ್ಲೇನ್ಸ್ ಡೆಕ್ಕನೆನ್ಸಿಸ್. ಡೆಕ್ಕನ್, ಅಂದರೆ ದಖ್ಖನ್. ನಾವು ರಾಗಿ ಬೆಳೆಯುವ ಈ ಪ್ರಸ್ಥಭೂಮಿಯ ಹೆಸರನ್ನು ಹೊತ್ತ ಜೀವಿ ಅದು. ಆ ಕುಲದ ಬ್ಯಾಕ್ಟೀರಿಯಾಗಳು ಬಿಸಿಲುಗಾಲದಲ್ಲಿ ಮಣ್ಣಿನಲ್ಲಿ ಸಣ್ಣ ಚೀಲಗಳಾಗಿ ಒಣಗಿ ಕೂತಿರುತ್ತವೆ, ಒಳಗೆ ಬೀಜಕಗಳನ್ನು ಕಟ್ಟಿಕೊಂಡು. ಮಳೆ ಬಿದ್ದು ಮಣ್ಣಿನ ಕಣಗಳ ನಡುವೆ ತೆಳ್ಳನೆಯ ನೀರಿನ ಪದರ ನಿಂತಾಗ ಚೀಲ ಒಡೆಯುತ್ತದೆ. ಬೀಜಕಗಳು ಬಾಲ ಬೀಸುತ್ತಾ ಆ ನೀರಿನಲ್ಲಿ ಈಜಿ, ಹೊಸ ಜಾಗ ಹುಡುಕಿಕೊಂಡು ಹೋಗುತ್ತವೆ. ಮಣ್ಣು ಕಾಲಿಗೆ ಅಂಟದಷ್ಟು ಆರಲಿ ಎಂದು ದೊಡ್ಡಮ್ಮ ಜಗಲಿಯಲ್ಲಿ ಕೂತು ಕಾಯುತ್ತಿದ್ದ ಆ ಎರಡು ದಿನಗಳಲ್ಲೇ.